ಸಮಗ್ರ ಲಾಜಿಸ್ಟಿಕ್ಸ್ ಬೆಂಬಲ

ಯುದ್ಧವಿಮಾನ, ಟ್ಯಾಂಕ್, ನೌಕೆಗಳಂಥ ಸೇನಾ ಸಾಧನಗಳನ್ನು ವಿನ್ಯಾಸಗೊಳಿಸುವಾಗಲೇ ಅವುಗಳ ದುರಸ್ತಿ, ಬಿಡಿಭಾಗ, ಸಿಬ್ಬಂದಿ ತರಬೇತಿ, ಕೈಪಿಡಿ, ಪರೀಕ್ಷಾ ಉಪಕರಣಗಳನ್ನೂ ಒಟ್ಟಾಗಿ ಯೋಜಿಸುವ ವಿಧಾನ. ಅಮೆರಿಕದ ರಕ್ಷಣಾ ಇಲಾಖೆ 1964ರಲ್ಲಿ ನಿರ್ದೇಶನ ಹೊರಡಿಸಿ ಇದಕ್ಕೆ ಅಧಿಕೃತ ರೂಪ ಕೊಟ್ಟಿತು.

ಸೇನಾ ಸಾಧನವೊಂದು ಮೂವತ್ತು ನಲವತ್ತು ವರ್ಷ ಸೇವೆಯಲ್ಲಿರುತ್ತದೆ. ಅದರ ಜೀವಿತಾವಧಿಯ ಒಟ್ಟು ವೆಚ್ಚದಲ್ಲಿ ಸುಮಾರು ಶೇ. 70 ಭಾಗ ಬಳಕೆ ಮತ್ತು ನಿರ್ವಹಣೆಗೇ ಹೋಗುತ್ತದೆ. ಖರೀದಿ ಬೆಲೆಯದು ಸಣ್ಣ ಪಾಲು. ನಿರ್ವಹಣೆಯ ಆ ದೊಡ್ಡ ಪಾಲು ಬಹುಮಟ್ಟಿಗೆ ನಿರ್ಧಾರವಾಗುವುದು ನಕ್ಷೆಯ ಹಂತದಲ್ಲಿ. ಒಂದು ಪಂಪು ಎಲ್ಲಿ ಕೂರುತ್ತದೆ, ಅದನ್ನು ತೆಗೆಯಲು ಇನ್ನೇನೇನು ಬಿಚ್ಚಬೇಕು, ಎಷ್ಟು ತಾಸು ಕೆಡದೆ ನಡೆಯುತ್ತದೆ ಎಂಬುದು ಆಗಲೇ ತೀರ್ಮಾನವಾಗಿರುತ್ತದೆ. ಉತ್ಪಾದನೆ ಶುರುವಾದ ಮೇಲೆ ಅದನ್ನು ಬದಲಿಸಲು ಹೊರಟರೆ ಅಚ್ಚು, ಉಪಕರಣ, ಈಗಾಗಲೇ ಸೇನೆಗೆ ಸೇರಿದ ಸಾಧನ ಎಲ್ಲವನ್ನೂ ತಿದ್ದಬೇಕಾಗುತ್ತದೆ.

ಆದ್ದರಿಂದ ಪ್ರತಿ ಭಾಗ ಹೇಗೆ, ಎಷ್ಟು ಸಲ ಕೆಡಬಹುದು, ಕೆಟ್ಟದ್ದನ್ನು ತುಕಡಿಯಲ್ಲೇ ಸರಿಪಡಿಸುವುದೋ, ಕಾರ್ಯಾಗಾರಕ್ಕೆ ಕಳಿಸುವುದೋ, ಎಸೆದುಬಿಡುವುದೋ ಎಂಬುದನ್ನು ಮೊದಲೇ ವಿಶ್ಲೇಷಿಸಲಾಗುತ್ತದೆ. ಬಿಡಿಭಾಗಗಳ ದಾಸ್ತಾನಿನ ಲೆಕ್ಕ ಇದರಿಂದಲೇ ಹುಟ್ಟುತ್ತದೆ.

1970ರ ದಶಕದಲ್ಲಿ ಎಫ್/ಎ-18 ವಿಮಾನವನ್ನು ರೂಪಿಸುವಾಗ ಅಮೆರಿಕದ ನೌಕಾಪಡೆ ವೇಗದಷ್ಟೇ ಒತ್ತನ್ನು ಸುಲಭ ನಿರ್ವಹಣೆಗೂ ಕೊಟ್ಟಿತು. ಅದರ ಎಫ್404 ಎಂಜಿನ್‌ನಲ್ಲಿ ಫ್ಯಾಂಟಮ್ ವಿಮಾನದ ಜೆ79ಕ್ಕಿಂತ ಸಾವಿರಾರು ಭಾಗಗಳು ಕಡಿಮೆ. ಘಟಕಗಳನ್ನು ಬಿಡಿಬಿಡಿಯಾಗಿ ಬದಲಿಸಬಹುದು. ಬೆಂಗಳೂರಿನಲ್ಲಿ ವಿನ್ಯಾಸಗೊಂಡ ತೇಜಸ್ ಮಾರ್ಕ್-1 ಹಾರುವುದು ಇದೇ ಎಂಜಿನ್‌ನ ಒಂದು ರೂಪದಿಂದ.

ಎಫ್-35 ಯುದ್ಧವಿಮಾನದ ಕಥೆ ಬೇರೆ, ಹೆಚ್ಚು ಗಮನಾರ್ಹವೂ ಹೌದು. ದುರಸ್ತಿಗೆ ಬೇಕಾದ ತಾಂತ್ರಿಕ ಮಾಹಿತಿಯ ಹಕ್ಕುಗಳನ್ನು ಅಮೆರಿಕ ಸರ್ಕಾರ ಆರಂಭದಲ್ಲೇ ಪಡೆದುಕೊಳ್ಳಲಿಲ್ಲ. ಕಾರ್ಯಾಗಾರಗಳ ಸಾಮರ್ಥ್ಯವೂ ವಿಮಾನಗಳ ಸಂಖ್ಯೆಯ ಜೊತೆ ಬೆಳೆಯಲಿಲ್ಲ. ಪರಿಣಾಮವಾಗಿ ಸಣ್ಣಪುಟ್ಟ ಕೆಲಸಕ್ಕೂ ಗುತ್ತಿಗೆದಾರರನ್ನೇ ನೆಚ್ಚಬೇಕಾಯಿತು, ಕೆಟ್ಟ ಭಾಗಗಳು ಸರತಿಯಲ್ಲಿ ಉಳಿದವು. 2023ರ ಮಾರ್ಚ್‌ನಲ್ಲಿ ಸುಮಾರು ಶೇ. 55 ವಿಮಾನಗಳಷ್ಟೇ ಕಾರ್ಯಾಚರಣೆಗೆ ಸಿದ್ಧವಿದ್ದವು. ಜೀವಿತಾವಧಿಯ ನಿರ್ವಹಣಾ ವೆಚ್ಚದ ಅಂದಾಜು 2018ರಲ್ಲಿ 1.1 ಲಕ್ಷ ಕೋಟಿ ಡಾಲರ್ ಇದ್ದದ್ದು 2023ಕ್ಕೆ 1.58 ಲಕ್ಷ ಕೋಟಿಗೆ ಏರಿತು.

ಸಿದ್ಧ ವಿಮಾನ ಕೊಳ್ಳುವ ದೇಶಕ್ಕೆ ವಿನ್ಯಾಸದ ಮೇಲೆ ಹಿಡಿತವಿರುವುದಿಲ್ಲ. ಬಿಡಿಭಾಗ, ಮಾಹಿತಿ, ಕೂಲಂಕಷ ದುರಸ್ತಿಯ ಹಕ್ಕುಗಳನ್ನು ಅದು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಿ ಪಡೆಯಬೇಕು. ಆಮೇಲೆ ಚೌಕಾಸಿಗೆ ಬಲವಿರದು. ಭಾರತ 2016ರಲ್ಲಿ 36 ರಫೇಲ್ ವಿಮಾನಗಳಿಗೆ ಮಾಡಿಕೊಂಡ ಒಪ್ಪಂದದಲ್ಲಿ ಐದು ವರ್ಷ ಶೇ. 75 ವಿಮಾನಗಳನ್ನು ಹಾರಾಟಕ್ಕೆ ಸಿದ್ಧವಾಗಿಡುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿತು.