ಸೇವಕನೇ, ಕಲಾವಿದನೇ? ಫ್ರೆಂಚ್ ರಂಗನಟ ಬಾರೋ ಅವರ ಬದುಕು

ಸರ್ಕಾರದ ಹಣದಿಂದ ನಡೆಯುವ ರಂಗಮಂದಿರ ಯಾರ ಮಾತು ಕೇಳಬೇಕು? ಹಣ ಕೊಡುವ ಸರ್ಕಾರದ್ದೇ, ನೋಡಲು ಬರುವ ಜನರದ್ದೇ, ಇಲ್ಲವೇ ನಾಟಕದ್ದೇ? ಫ್ರಾನ್ಸಿನ ನಟ, ನಿರ್ದೇಶಕ ಜಾನ್ ಲೂಯಿ ಬಾರೋ ಅವರು ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಡಬೇಕಾಯಿತು.

ಬಾರೋ ಹುಟ್ಟಿದ್ದು 1910ರಲ್ಲಿ, ಪ್ಯಾರಿಸ್ ಸಮೀಪದಲ್ಲಿ. ಷಾರ್ಲ್ ದ್ಯುಲ್ಯಾಂ ಅವರ ತಂಡ ಸೇರಿ, 1931ರಲ್ಲಿ ತಮ್ಮ 21ನೆಯ ಹುಟ್ಟುಹಬ್ಬದಂದೇ 'ವೋಲ್ಪೋನೆ' ನಾಟಕದ ಸೇವಕನ ಸಣ್ಣ ಪಾತ್ರದಲ್ಲಿ ರಂಗವೇರಿದರು. ಎತಿಯೆನ್ ದೆಕ್ರೂ ಅವರೊಡನೆ ಮೂಕಾಭಿನಯವನ್ನು ಅಭ್ಯಾಸ ಮಾಡಿದರು. ಮಾತಿಲ್ಲದೆ ಶರೀರವೇ ಕಥೆ ಹೇಳುವ ಆ ಕಲೆ ಅವರ ಬೆನ್ನೆಲುಬಾಯಿತು. ಜರ್ಮನರು ಫ್ರಾನ್ಸನ್ನು ಆಕ್ರಮಿಸಿದ್ದ ಕಾಲದಲ್ಲೇ ಮಾರ್ಸೆಲ್ ಕಾರ್ನೆ ಅವರ 'ಸ್ವರ್ಗದ ಮಕ್ಕಳು' ಚಿತ್ರದ ಚಿತ್ರೀಕರಣ ಆರಂಭವಾಯಿತು. 1945ರಲ್ಲಿ ತೆರೆಕಂಡ ಅದರಲ್ಲಿ 19ನೆಯ ಶತಮಾನದ ಮೂಕಾಭಿನಯ ಕಲಾವಿದ ದೆಬ್ಯುರೋನ ಪಾತ್ರ ಬಾರೋ ಅವರದು. ಇಲ್ಲಿ 'ಸ್ವರ್ಗ'ವೆಂದರೆ ರಂಗಮಂದಿರದ ಅತಿ ಎತ್ತರದ, ಅತಿ ಅಗ್ಗದ ಗ್ಯಾಲರಿ. ಬಡವರು ಕೂರುವ ಜಾಗ.

ಯುದ್ಧಾನಂತರ, 1946ರಲ್ಲಿ, ಪತ್ನಿ ಹಾಗೂ ಹೆಸರಾಂತ ನಟಿ ಮದ್ಲೆನ್ ರೆನೋ ಅವರೊಂದಿಗೆ ಬಾರೋ ಸ್ವಂತ ತಂಡ ಕಟ್ಟಿದರು. 1959ರಲ್ಲಿ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ, ಪ್ಯಾರಿಸ್ಸಿನ ಒದೆಯೋನ್ ರಂಗಮಂದಿರವನ್ನು ಅವರಿಗೆ ಒಪ್ಪಿಸಿದರು. ಹಳೆಯ ನಾಟಕಗಳ ಜೊತೆಗೆ ಅಯೊನೆಸ್ಕೊ, ಬೆಕೆಟ್ ಅವರ ಹೊಸ ನಾಟಕಗಳೂ ಸರ್ಕಾರಿ ವೇದಿಕೆ ಹತ್ತಿದವು.

ಮೊದಲ ಪರೀಕ್ಷೆ ಬಂದದ್ದು 1966ರಲ್ಲಿ. ಜಾನ್ ಜೆನೆ ಅವರ 'ಪರದೆಗಳು' ನಾಟಕದ ಹಿನ್ನೆಲೆ ಅಲ್ಜೀರಿಯಾ ಯುದ್ಧ. ಅಲ್ಜೀರಿಯಾ ಸ್ವತಂತ್ರವಾಗಿ ಆಗಿನ್ನೂ ನಾಲ್ಕೇ ವರ್ಷ, ಗಾಯ ಹಸಿಯಾಗಿತ್ತು. ಸೈನ್ಯಕ್ಕೆ ಅವಮಾನವಾಯಿತೆಂದು ಕೆಲವರು ಪ್ರದರ್ಶನಕ್ಕೆ ನುಗ್ಗಿ ಗಲಭೆ ಎಬ್ಬಿಸಿದರು. ಅನುದಾನ ಕಡಿತಗೊಳಿಸಬೇಕೆಂಬ ಒತ್ತಾಯ ಸಂಸತ್ತಿನಲ್ಲೂ ಕೇಳಿಬಂತು. ಆಗ ಮಾಲ್ರೋ ಕಲೆಯ ಸ್ವಾತಂತ್ರ್ಯದ ಪರವಾಗಿ ಮಾತನಾಡಿ ನಾಟಕವನ್ನು ಉಳಿಸಿದರು.

ಎರಡೇ ವರ್ಷಗಳಲ್ಲಿ ಚಿತ್ರ ತಲೆಕೆಳಗಾಯಿತು. 1968ರ ಮೇ 15ರ ರಾತ್ರಿ, ಪ್ರದರ್ಶನ ಮುಗಿದ ಮೇಲೆ ಚಳವಳಿಯ ವಿದ್ಯಾರ್ಥಿಗಳು ಒದೆಯೋನನ್ನು ವಶಪಡಿಸಿಕೊಂಡರು. ಅವರ ಕಣ್ಣಿಗೆ ಅದು ಉಳ್ಳವರ ಸಂಸ್ಕೃತಿಯ ಕೋಟೆ. ಬಾರೋ ಅವರೆದುರು ನಿಂತು, ತಾನು ಇನ್ನು ಈ ಮಂದಿರದ ಮುಖ್ಯಸ್ಥನಲ್ಲ, ಎಲ್ಲರಂತೆ ಒಬ್ಬ ನಟ ಎಂಬರ್ಥದ ಮಾತನ್ನಾಡಿದರು. ಆದರೂ ವಿದ್ಯಾರ್ಥಿಗಳು ಅವರನ್ನು ತಮ್ಮವರೆಂದು ಒಪ್ಪಲಿಲ್ಲ. ಸರ್ಕಾರ ಆ ಮಾತನ್ನು ಕ್ಷಮಿಸಲಿಲ್ಲ. ಜೂನ್ 14ರಂದು ಪೊಲೀಸರು ಕಟ್ಟಡವನ್ನು ತೆರವುಗೊಳಿಸುವ ಹೊತ್ತಿಗೆ ತಂಡದ ವೇಷಭೂಷಣಗಳ ಸಂಗ್ರಹ ಹಾಳಾಗಿತ್ತು. ಹಿಂದೆ ರಕ್ಷಣೆಗೆ ನಿಂತಿದ್ದ ಮಾಲ್ರೋ ಅವರೇ ಬಾರೋ ಅವರನ್ನು ಹುದ್ದೆಯಿಂದ ತೆಗೆದರು.

ಆಗ ಬಾರೋ ಅವರಿಗೆ 58ರ ಆಸುಪಾಸು. ಅವರು ದೂರುತ್ತಾ ಕೂರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ, ಕುಸ್ತಿ ನಡೆಯುತ್ತಿದ್ದ ಸಭಾಂಗಣವೊಂದರಲ್ಲಿ, 16ನೆಯ ಶತಮಾನದ ಲೇಖಕ ರಾಬ್ಲೇ ಅವರ ಕೃತಿಗಳನ್ನಾಧರಿಸಿದ ನಾಟಕವನ್ನು ಆಡಿದರು. ಸ್ವಾತಂತ್ರ್ಯವನ್ನು ಸಂಭ್ರಮಿಸುವ ಆ ನಾಟಕಕ್ಕೆ ಜನ ಮುಗಿಬಿದ್ದರು. ಮುಂದೆ ಓರ್ಸೆಯ ಹಳೆಯ ರೈಲು ನಿಲ್ದಾಣದೊಳಗೆ ಮರದ ರಂಗಮಂದಿರ ಕಟ್ಟಿದರು. ನಿಲ್ದಾಣ ವಸ್ತುಸಂಗ್ರಹಾಲಯವಾಗಲಿದ್ದಾಗ ಅದನ್ನೇ ಬಿಚ್ಚಿ, 1981ರಲ್ಲಿ ರೋಂ-ಪ್ವಾಂ ಎಂಬಲ್ಲಿ ಮರುಜೋಡಿಸಿದರು. ಅಲ್ಲಿ ಇಂದಿಗೂ ನಾಟಕಗಳು ನಡೆಯುತ್ತವೆ. ಬಾರೋ ಮತ್ತು ರೆನೋ ಇಬ್ಬರೂ 1994ರಲ್ಲಿ, ಎಂಟು ತಿಂಗಳ ಅಂತರದಲ್ಲಿ ತೀರಿಕೊಂಡರು.

ಸರ್ಕಾರದ ಆಶ್ರಯವನ್ನು ಬಾರೋ ತಿರಸ್ಕರಿಸಿದವರಲ್ಲ. ಒದೆಯೋನ್ ಇಲ್ಲದಿದ್ದರೆ ಜೆನೆ, ಬೆಕೆಟ್ ಅವರಿಗೆ ಅಷ್ಟು ದೊಡ್ಡ ವೇದಿಕೆ ಸಿಗುತ್ತಿರಲಿಲ್ಲ. ಆದರೆ ಆಶ್ರಯ ತಪ್ಪಿದ ದಿನವೂ ಅವರ ನಾಟಕ ನಿಲ್ಲಲಿಲ್ಲ. ಕಲೆಗೆ ಸರ್ಕಾರದ ನೆರವು ಬೇಕೇ ಎಂದು ನೀವು ತರಗತಿಯಲ್ಲಿ ಚರ್ಚಿಸುವಾಗ ಈ ಎರಡೂ ಸಂಗತಿಗಳನ್ನು ಒಟ್ಟಿಗೆ ನೆನಪಿಡಿ.