ಕಡಿದಾದ ಹಾದಿಗೆ ಕಾರ್ಬೊರೇಟರ್: ಆಯ್ಕೆ ಮತ್ತು ಟ್ಯೂನಿಂಗ್

ಕಡಿದಾದ ಏರಿನ ನಡುವೆ ಎಂಜಿನ್ ನಿಂತರೆ ಬ್ರೇಕಿನ ನಿರ್ವಾತ ಬಲವೂ ಕುಂದಿ, ವಾಹನ ಹಿಂದಕ್ಕೆ ಜಾರುವ ಅಪಾಯವಿದೆ. ಇದಕ್ಕೆ ಅನೇಕ ಬಾರಿ ಕಾರಣ ಎಂಜಿನ್ ಶಕ್ತಿಯ ಕೊರತೆಯಲ್ಲ. ವಾಹನ ವಾಲಿದಾಗ ಕಾರ್ಬೊರೇಟರ್‌ನ ಫ್ಲೋಟ್ ತೊಟ್ಟಿಯಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿಯುತ್ತದೆ. ಆಗ ಜೆಟ್‌ಗೆ ಇಂಧನ ಸಿಗದು, ಇಲ್ಲವೇ ಅದು ಉಕ್ಕಿ ಎಂಜಿನ್ ಸೇರುತ್ತದೆ.

ಬದಲಿ ಕಾರ್ಬೊರೇಟರ್ ದೊಡ್ಡದಿದ್ದಷ್ಟೂ ಉತ್ತಮವೆಂಬುದು ತಪ್ಪು ಗ್ರಹಿಕೆ. ಗಾತ್ರ ಮಿತಿಮೀರಿದರೆ ಒಳಹೋಗುವ ಗಾಳಿಯ ವೇಗ ಕುಗ್ಗಿ, ನಿಧಾನಗತಿಯಲ್ಲಿ ಎಂಜಿನ್ ತಡವರಿಸುತ್ತದೆ. 1.3 ಲೀಟರಿನ ಸುಜುಕಿ ಸಮುರಾಯ್‌ಗೆ ಹಲವರು ಅಳವಡಿಸುವ ವೆಬರ್ 32/36ರಲ್ಲಿ ಮೊದಲು 32 ಮಿ.ಮೀ. ದ್ವಾರ ತೆರೆಯುತ್ತದೆ, ಪೆಡಲನ್ನು ಹೆಚ್ಚು ಒತ್ತಿದಾಗ ಮಾತ್ರ 36 ಮಿ.ಮೀ. ದ್ವಾರ ಜೊತೆಗೂಡುತ್ತದೆ.

ಟ್ಯೂನಿಂಗ್‌ಗೆ ಮುನ್ನ ಇಗ್ನಿಷನ್ ಟೈಮಿಂಗ್, ಗಾಳಿ ಸೋರಿಕೆ ಹಾಗೂ ಇಂಧನ ಒತ್ತಡವನ್ನು ಪರೀಕ್ಷಿಸಬೇಕು. ಈ ವೆಬರ್‌ಗೆ ಸುಮಾರು 3 ಪಿಎಸ್‌ಐ ಸಾಕು. ಬಳಿಕ ಫ್ಲೋಟ್ ಮಟ್ಟ, ಐಡಲ್ ಮಿಶ್ರಣ, ಕೊನೆಗೆ ಮುಖ್ಯ ಜೆಟ್ ಎಂಬ ಕ್ರಮ ಸೂಕ್ತ. ಏರಿನಲ್ಲಿ ಪೆಟ್ರೋಲ್ ಉಕ್ಕುತ್ತಿದ್ದರೆ ಫ್ಲೋಟ್ ಮಟ್ಟವನ್ನು ತುಸು ತಗ್ಗಿಸಬೇಕು. ಸ್ಪಾರ್ಕ್ ಪ್ಲಗ್ ತಿಳಿಕಂದು ಬಣ್ಣಕ್ಕಿದ್ದರೆ ಮಿಶ್ರಣ ಸರಿಯಿದೆ. ಮಸಿ ಹಿಡಿದಿದ್ದರೆ ಪೆಟ್ರೋಲ್ ಅಧಿಕ. ಬಿಳಿಚಿದ್ದರೆ ಕಡಿಮೆ, ಪಿಸ್ಟನ್ ಸುಡುವ ಭೀತಿಯೂ ಉಂಟು. ಎತ್ತರದ ಪ್ರದೇಶಗಳಲ್ಲಿ ಗಾಳಿ ವಿರಳವಾದ್ದರಿಂದ ಚಿಕ್ಕ ಜೆಟ್ ಬೇಕಾಗುತ್ತದೆ.

ಗ್ಯಾರೇಜಿನ ಸಮನೆಲದಲ್ಲಿ ಸರಾಗವಾಗಿ ಓಡಿದ ಎಂಜಿನ್ ಏರಿನಲ್ಲೂ ಓಡುತ್ತದೆಂಬ ಖಾತರಿಯಿಲ್ಲ. ಕಾಡಿನ ಹಾದಿ ಹಿಡಿಯುವ ಮುನ್ನ ಸುರಕ್ಷಿತ ಇಳಿಜಾರಿನಲ್ಲಿ ಪರೀಕ್ಷಿಸುವುದು ಒಳಿತು.