ಕಟ್ಟದೆ ಉಳಿದ ಗೋಪುರ : ಷಿಕಾಗೋ ಸ್ಪೈರ್

ನಿಂತ ಕಟ್ಟಡಗಳಿಗೆ ಚರಿತ್ರೆಯುಂಟು; ಬಿದ್ದುಹೋದವುಗಳಿಗೂ ಉಂಟು. ಕಟ್ಟದೆಯೇ ಉಳಿದವುಗಳನ್ನು ಇತಿಹಾಸಕಾರರು ಸಾಮಾನ್ಯವಾಗಿ ಗಣನೆಗೆ ತಂದುಕೊಳ್ಳುವುದಿಲ್ಲ. ಆದರೆ ನಗರಗಳ ಆರ್ಥಿಕ ಚರಿತ್ರೆಯನ್ನು ಅರಸುವವನಿಗೆ ಇವು ಉತ್ತಮ ಆಕರಗಳು. ಕಟ್ಟಡ ಮುಗಿದು ಜನ ವಾಸಕ್ಕೆ ಬಂದ ಮೇಲೆ ಅದರ ಸಾಲದ ಲೆಕ್ಕವನ್ನು ಕೇಳುವವರು ವಿರಳ. ಕೆಲಸ ನಿಂತುಹೋದಾಗಲಾದರೋ ನ್ಯಾಯಾಲಯವೇ ಆ ಲೆಕ್ಕವನ್ನು ಬಿಚ್ಚಿಸುತ್ತದೆ. ಅಮೆರಿಕದ ಷಿಕಾಗೋ ನಗರದಲ್ಲಿ ಉದ್ದೇಶಿತವಾಗಿದ್ದ 'ಷಿಕಾಗೋ ಸ್ಪೈರ್' ಇದಕ್ಕೊಂದು ನಿದರ್ಶನ.

ಷಿಕಾಗೋ ನದಿಯು ಮಿಷಿಗನ್ ಸರೋವರವನ್ನು ಸಂಧಿಸುವೆಡೆಯಲ್ಲಿ, ಸ್ಟ್ರೀಟರ್‌ವಿಲ್ ಎಂಬ ಭಾಗದಲ್ಲಿ ಇದರ ನಿವೇಶನವಿತ್ತು. ಆ ಪ್ರದೇಶದ ಬಹುಭಾಗ ಸರೋವರವನ್ನು ತುಂಬಿ ಪಡೆದ ನೆಲ. 1886ರಲ್ಲಿ ಅಲ್ಲಿ ದೋಣಿ ಸಿಕ್ಕಿಬಿದ್ದ ಜಾರ್ಜ್ ಸ್ಟ್ರೀಟರ್ ಎಂಬಾತನು ಸುತ್ತಲಿನ ನೆಲವೆಲ್ಲ ತನ್ನದೆಂದು ದಶಕಗಳ ಕಾಲ ವ್ಯಾಜ್ಯವಾಡಿದನು. ಒಡೆತನದ ಜಗಳ ಆ ಮಣ್ಣಿಗೆ ಹೊಸದಲ್ಲವೆಂಬುದು ಗಮನಾರ್ಹ.

ಗೋಪುರದ ಪ್ರಥಮ ಪ್ರಸ್ತಾಪವನ್ನು 2005ರಲ್ಲಿ ಪ್ರಕಟಿಸಿದವನು ಕ್ರಿಸ್ಟೋಫರ್ ಕಾರ್ಲೀ. ರೂಪಿಸಿದವನು ಸ್ಪೇನ್ ದೇಶದ ವಾಸ್ತುಶಿಲ್ಪಿ ಸಾಂತಿಯಾಗೋ ಕಾಲಾತ್ರಾವಾ. ಹಣ ಒದಗದೆ ಮರುವರ್ಷವೇ ಯೋಜನೆಯು ಡಬ್ಲಿನ್ನಿನ ಉದ್ಯಮಿ ಗ್ಯಾರೆಟ್ ಕೆಲ್ಲೆಹರನ ಕೈಸೇರಿತು. ಪರಿಷ್ಕೃತ ನಕಾಶೆಯಂತೆ ಎತ್ತರ 2,000 ಅಡಿ, ಅಂತಸ್ತುಗಳು 150, ಮನೆಗಳು 1,194. ಪ್ರತಿ ಅಂತಸ್ತೂ ಕೆಳಗಿನದಕ್ಕಿಂತ ತುಸು ತಿರುಗಿ, ತುದಿ ಮುಟ್ಟುವ ಹೊತ್ತಿಗೆ ಕಟ್ಟಡವು ಪೂರ್ಣವಾಗಿ ಒಂದು ಸುತ್ತು ಬರಬೇಕಾಗಿತ್ತು. ಮನೆಗಳು ಕಾಂಡೊಮಿನಿಯಮ್ ಪದ್ಧತಿಯವು. ಎಂದರೆ, ಒಂದೊಂದು ಮನೆಗೆ ಒಬ್ಬೊಬ್ಬ ಒಡೆಯ, ನೆಲ, ಮೆಟ್ಟಿಲು, ಲಿಫ್ಟುಗಳಲ್ಲಿ ಎಲ್ಲರಿಗೂ ಪಾಲು.

2007ರ ಮೇ ತಿಂಗಳಲ್ಲಿ ನಗರಸಭೆಯ ಅನುಮತಿ ದೊರೆಯಿತು. ಅದೇ ಬೇಸಗೆಯಲ್ಲಿ ಅಗೆತ ಆರಂಭವಾಯಿತು. ಸುಮಾರು 120 ಅಡಿ ಆಳದ ಬಂಡೆಯವರೆಗೆ 34 ಕಾಂಕ್ರೀಟ್ ಕಂಬಗಳನ್ನು ಇಳಿಸಲಾಯಿತು. ನಡುವೆ ವೃತ್ತಾಕಾರದ ತಡೆಗೋಡೆ ಕಟ್ಟಿ, ನೂರಡಿಗೂ ಮಿಕ್ಕ ಅಗಲದ, ಸುಮಾರು 76 ಅಡಿ ಆಳದ ಗುಂಡಿಯನ್ನು ತೋಡಲಾಯಿತು. ಇಷ್ಟಾದರೂ ಕಟ್ಟಡದ ಮುಖ್ಯ ಸಾಲ ಇನ್ನೂ ಒದಗಿರಲಿಲ್ಲ! ನಡೆದ ಕೆಲಸಕ್ಕೆ ಆಧಾರವಾಗಿದ್ದುದು ಕೆಲ್ಲೆಹರನ ಸ್ವಂತ ಬಂಡವಾಳ ಮತ್ತು ಆಂಗ್ಲೋ ಐರಿಷ್ ಬ್ಯಾಂಕು ಕೊಟ್ಟ 69.5 ದಶಲಕ್ಷ ಡಾಲರುಗಳ ಸಾಲ. 2008ರಲ್ಲಿ ಮನೆಗಳ ಮಾರಾಟ ಮೊದಲಾಯಿತು. ಆ ಶರತ್ಕಾಲದಲ್ಲಿ ಲೇಮನ್ ಬ್ರದರ್ಸ್ ಸಂಸ್ಥೆ ಕುಸಿದು ಸಾಲದ ಪೇಟೆಯೇ ಮುಚ್ಚಿತು. ಕೆಲಸ ನಿಂತಿತು. ಕಾಲಾತ್ರಾವಾ ತನಗೆ ಬರಬೇಕಾದ 11.34 ದಶಲಕ್ಷ ಡಾಲರುಗಳಿಗಾಗಿ ನಿವೇಶನದ ಮೇಲೆ ಹಕ್ಕು ಹೂಡಿದನು.

ಎಲ್ಲವನ್ನೂ ಜಗದ್ವ್ಯಾಪಿ ಮುಗ್ಗಟ್ಟಿನ ತಲೆಗೆ ಕಟ್ಟುವುದು ವಾಡಿಕೆ. ಆದರೆ ಅದು ಅರ್ಧ ಮಾತೆಂದು ನಮ್ಮ ಅಭಿಪ್ರಾಯ. ಸಾಲು ಮನೆಗಳನ್ನು ಹತ್ತು ಕಟ್ಟಿ, ಮಾರಿ, ಆ ಹಣದಿಂದ ಮುಂದಿನ ಹತ್ತನ್ನು ಕಟ್ಟಬಹುದು. ಗೋಪುರಕ್ಕೆ ಆ ಸೌಲಭ್ಯವಿಲ್ಲ. ನೂರೈವತ್ತು ಅಂತಸ್ತುಗಳೆಂದು ಹೊರಟವನು ನಲವತ್ತರಲ್ಲಿ ನಿಂತು ಬೀಗದಕೈ ಹಂಚಲಾರನು. ಹಾಗಿರುವಾಗ, ಮೊದಲ ಯೋಜಕನನ್ನು ಕೈಬಿಡುವಂತೆ ಮಾಡಿದ ಹಣದ ಅಭಾವವನ್ನು ನೀಗಿಸಿಕೊಳ್ಳದೆಯೇ ಎರಡನೆಯವನು ಗುದ್ದಲಿ ಎತ್ತಿದ್ದು ದುಡುಕೇ ಸರಿ.

ಇದರ ಹೊರೆ ಬಹುದೂರದ ಜನರ ಮೇಲೆ ಬಿದ್ದಿತು. 2009ರ ಜನವರಿಯಲ್ಲಿ ಐರ್ಲೆಂಡ್ ಸರ್ಕಾರವು ಆಂಗ್ಲೋ ಐರಿಷ್ ಬ್ಯಾಂಕನ್ನು ರಾಷ್ಟ್ರೀಕರಿಸಬೇಕಾಯಿತು. ಕೆಟ್ಟ ಸಾಲಗಳನ್ನು ವಹಿಸಿಕೊಳ್ಳಲು ಆ ಸರ್ಕಾರವೇ ಸ್ಥಾಪಿಸಿದ 'ನಾಮಾ' ಸಂಸ್ಥೆಗೆ ಈ ಸಾಲವೂ ಸಂದಿತು. ಗೋಪುರವನ್ನು ಕಣ್ಣಾರೆ ಕಾಣುವ ಸಂಭವವೇ ಇಲ್ಲದ ಐರಿಷ್ ತೆರಿಗೆದಾರನು ಹೀಗೆ ಷಿಕಾಗೋದ ಗುಂಡಿಯೊಂದರ ಸಾಲಕ್ಕೆ ಹೊಣೆಯಾದನು. 2013ರಲ್ಲಿ ರಿಲೇಟೆಡ್ ಮಿಡ್‌ವೆಸ್ಟ್ ಎಂಬ ಅಮೆರಿಕನ್ ಕಂಪನಿಯು ಆ ಸಾಲವನ್ನು ಕೊಂಡಿತು. ಮರುವರ್ಷದ ಅಕ್ಟೋಬರ್ ಕೊನೆಯ ಗಡುವಿಗೆ ಕೆಲ್ಲೆಹರನು ಹಣ ತೆರಲಾರದೆ ಹೋದುದರಿಂದ ನಿವೇಶನವೂ ಅದರ ವಶವಾಯಿತು.

ಗುಂಡಿಯ ಸುತ್ತ ಹುಲ್ಲು ಬೆಳೆಯಿತು. ಒಳಗೆ ನೀರು ನಿಂತಿತು. ಕೊನೆಗೆ 2024ರಲ್ಲಿ ಆ ನಿವೇಶನದಲ್ಲಿ ಬೇರೊಂದು ಕಟ್ಟಡದ ಕೆಲಸ ಪ್ರಾರಂಭವಾಯಿತು. ಅದಕ್ಕೆ ಗೊತ್ತುಪಡಿಸಿದ ಅಂತಸ್ತುಗಳು 72, ಮನೆಗಳು 635. ಅವು ಮಾರಾಟಕ್ಕಲ್ಲ, ಬಾಡಿಗೆಗೆ. ಅವುಗಳಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಕಡಮೆ ಬಾಡಿಗೆ ತೆರಬಲ್ಲವರಿಗೆಂದು ಮೀಸಲಿರಿಸಲಾಗಿದೆ.